ಸಕ್ಕೆ ಇಳಿ ಕೊಟ್ಟರೆ ಸಾ

ಮೆಟ್ರೋದ ಹೆಂಗಸು ದಿನಾ ಬೆಳಿಗ್ಗೆ ಹೇಳುವುದನ್ನು
ತುಟಿಯಲ್ಲೇ ಆ ಭಾಷೆಗೆ ತಿರುಗಿಸುತ್ತೇನೆ:
ತ್ಸುಗಿ ವಾ ಗೊರಗುಂಟೆಪಾಳ್ಯ.
ಮುಂದಿನದು, ಮುಂದಿನದು. ಬಾಗಿಲು ಎಡಕ್ಕೆ.
ಯಾವುದೋ ಸ್ತೋತ್ರವಿರಬೇಕೆಂದು ಪಕ್ಕದವರು
ಕೊಂಚ ಸರಿದು ಜಾಗ ಕೊಡುತ್ತಾರೆ.

ಹಮಾಮಾತ್ಸುವಿನ ಗೇಜ್ ಕಾರ್ಖಾನೆಯಲ್ಲಿ ಮೂರು ವರ್ಷ
ಮೈಕ್ರಾನ್ ಲೆಕ್ಕ ಕಲಿತು ಬಂದೆ.
ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ
ಮೈಕ್ರಾನಿಗೆ ಕೆಲಸವಿದೆ, ಮಾತಿಗಿಲ್ಲ.
ಗಿರಾಕಿಗಳು ಬಂದರೆ ಚನ್ನವೀರಯ್ಯನವರು ಕರೆದು
'ನಾಲ್ಕು ಮಾತಾಡಿ ತೋರಿಸಪ್ಪ' ಅನ್ನುತ್ತಾರೆ.
ಬಗ್ಗಿ, ಅಳತೆ ಸರಿಯಿದೆ ಅನ್ನುತ್ತೇನೆ. ಚಪ್ಪಾಳೆ.
ತಪ್ಪಿದೆ ಅಂದಿದ್ದರೂ ಅಷ್ಟೇ ಚಪ್ಪಾಳೆ.

ಮೊದಲು ಹೋದದ್ದು ಸ್ಟೇಪ್ಲರಿನ ಹೆಸರು.
ಆಮೇಲೆ, ಜ್ವರ ಬರುವ ಮುಂಚಿನ ಮೈನಡುಕಕ್ಕೆ
ಅವರು ಆಡುವ ಮಾತು.
ಒಂದು ರಾತ್ರಿ 'ಮೊನ್ನೆ' ಹುಡುಕುತ್ತ ಎದ್ದು ಕೂತೆ.
ನಿನ್ನೆ ಸಿಕ್ಕಿತು, ನಾಳೆ ಸಿಕ್ಕಿತು,
ಮೊನ್ನೆ ಬಂದದ್ದು ಹಾಲಿನವನ ಜೊತೆ, ಐದೂವರೆಗೆ.
ನೋಟ್‌ಬುಕ್ ಇಟ್ಟೆ. ಬರೆದದ್ದು
ನೋಟ್‌ಬುಕ್ಕಿಗೆ ನೆನಪಿದೆ, ಅಷ್ಟೆ.

ಹಾಗಾಗಿ ಎಣಿಸುತ್ತೇನೆ.
ಅವರಲ್ಲಿ ಚಪ್ಪಟೆಗೊಂದು ಎಣಿಕೆ, ಉದ್ದಕ್ಕೊಂದು.
ದರ್ಶಿನಿಯ ಕಲ್ಲಿನ ಮೇಲೆ ದೋಸೆ: ಇಚಿಮಾಯ್, ನಿಮಾಯ್.
ಗಾಡಿಯಲ್ಲಿ ನುಗ್ಗೆಕಾಯಿ: ಇಪ್ಪೊನ್, ನಿಹೊನ್, ಸಾನ್‌ಬೊನ್.
ಇಡ್ಲಿ ಚಪ್ಪಟೆಯೋ ಉಂಡೆಯೋ ತೀರ್ಮಾನವಾಗದೆ
ಇಡ್ಲಿಯನ್ನು ಕನ್ನಡದಲ್ಲೇ ತಿನ್ನುತ್ತೇನೆ.
ಅಕ್ಕನ ಮಗಳು ಯಶಿಕ ಕೇಳಿದಳು, ನಮ್ಮಲ್ಲಿ ಹಾಗಿಲ್ವಾ?
ಇದೆಯಲ್ಲ. ಮೂರು ಇಡ್ಲಿ, ಆದರೆ ಮೂವರು ಅತ್ತೆಯಂದಿರು.
ಮೂರು ಅತ್ತೆ ಅಂದ್ರೆ?
ಬೈಗುಳ.

ಹೊರಡುವಾಗ ಮಾತ್ರ ಕಷ್ಟವಿಲ್ಲ.
ಇತ್ತೆ ಕಿಮಾಸು ಅಂದರೆ ಹೋಗಿ ಬರ್ತೀನಿ,
ಹೋಗಿಗೆ ಹೋಗಿ, ಬರ್ತೀನಿಗೆ ಬರ್ತೀನಿ,
ತೂತಿನೊಳಗೆ ಗೇಜು ಸದ್ದಿಲ್ಲದೆ ಕೂತ ಹಾಗೆ.

ಭಾನುವಾರ ಎಂಟಕ್ಕೆ, ಅಲ್ಲಿ ಹನ್ನೊಂದೂವರೆಗೆ,
ಮೊರಿಶಿತ ಅಜ್ಜಿಗೆ ಫೋನು.
ಮಹಡಿಯ ರೂಮು ಬಾಡಿಗೆ ಕೊಟ್ಟಿದ್ದವಳು.
ಮೊದಲ ವಾರ ಅವಳು ಅನ್ನ ಬಡಿಸುತ್ತಿದ್ದಾಗ
ಬಾಯಿತಪ್ಪಿ 'ಸಾಕು, ಸಾಕು' ಅಂದಿದ್ದೆ.
ಅಜ್ಜಿ ಸೌಟು ಹಿಡಿದೇ ಕಿಟಕಿಗೆ ಹೋಗಿ ನೋಡಿದಳು.
ಸಕು ಅಂದರೆ ಅವರಲ್ಲಿ ಅರಳುವುದು.
ನವೆಂಬರು. ಹೊರಗೆ ಏನೂ ಅರಳಿರಲಿಲ್ಲ.
ನನಗೆ ಇನ್ನೊಂದು ಸೌಟು ಬಿತ್ತು.

ಆಮೇಲೆ ಕಲಿಸಿದೆ: ಸಕ್ಕೆ ಇಳಿ ಕೊಟ್ಟರೆ ಸಾ,
ಉಸಿರು ಒಂದು ಮೆಟ್ಟಿಲು ಇಳಿಯಬೇಕು ಅಜ್ಜಿ.
ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು.
ನಾನು ವಾಪಸು ಬಂದು ಆರು ವರ್ಷ.
ಈಗಲೂ ಫೋನಿಡುವ ಮುಂಚೆ ಅವಳ ಕನ್ನಡ ಅದೇ: ಸಾಕು.
ಅದನ್ನು ಆಡಲು ಅಲ್ಲಿ ಅವಳಿಗೆ ಇನ್ಯಾರಿದ್ದಾರೆ?
ಬೆಕ್ಕಿಗೆ ಮೀನು ಹಾಕುವಾಗ ಹೇಳುತ್ತಾಳಂತೆ.
ಬೆಕ್ಕಿಗೆ ಅರ್ಥವಾಗುತ್ತದಂತೆ, ಕೇಳುವುದಿಲ್ಲವಂತೆ.

ಈಚೆಗೆ ಅವಳ ಇಳಿ ಮೋಟಾಗುತ್ತಿದೆ.
ಎಂಬತ್ತೇಳು. ಉಸಿರು ಮೇಲಿನ ಮೆಟ್ಟಿಲಲ್ಲೇ ನಿಲ್ಲುತ್ತದೆ.
ಹೋದ ಭಾನುವಾರ ನನ್ನ ಕ್ರಿಯಾಪದವೊಂದು ಎಡವಿ
ಇಬ್ಬರೂ ಸುಮ್ಮನಿದ್ದಾಗ,
'ಸಕು' ಅಂದಳು.
ಮಾತು ಮುಗಿಸಿದಳೋ,
ನಿಮ್ಮಲ್ಲಿ ಏನಾದರೂ ಅರಳಿದೆಯಾ ಅಂತ ಕೇಳಿದಳೋ.

ಗ್ರಿಲ್ಲಿನಾಚೆ ಹೊಂಗೆ ಮರ.
ಕೆಳಗೆ ಯಾರದೋ ಸ್ಕೂಟರಿನ ಸೀಟಿನ ಮೇಲೆ
ಪುರಿ ಚೆಲ್ಲಿದ ಹಾಗೆ ಹೂ.
ಎರಡಕ್ಕೂ ಆಗಲಿ ಅಂತ
ಹೂಂ ಅಂದೆ.
ಸ್ಕೂಟರಿನವನು ಬಂದ, ಅಂಗೈಯಲ್ಲೇ ಗುಡಿಸಿದ,
ಎರಡು ಸಲ ಕಿಕ್ ಹೊಡೆದು ಹೊರಟ.